ಹೊದನಳ ನಲವತ್ತನೆಯ ದಿನಕ್ಕೆ ಅಡುಗೆಯವರನ್ನು ಹುಡುಕಿದ್ದು

ಪಲ್ಲವಿ, ಶರಣು, ನೀವಿಬ್ಬರೂ ಗದಗಿನಿಂದ ಫೋನು ಮಾಡಿದಾಗೆಲ್ಲ ಕೇಳುತ್ತಿದ್ದಿರಿ, "ಅಜ್ಜಿ, ಅಮೆರಿಕಾದಾಗ ಏನೇನ್ ನೋಡಿದಿ?" ಎಂದು. ನಾನು ಚಲೋ ಐತಿ ಎಂದು ಹೇಳಿ ಫೋನನ್ನು ನಿಮ್ಮ ಅತ್ತೆಯ ಕೈಗೆ ಕೊಡುತ್ತಿದ್ದೆ. ಎರಡು ತಿಂಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ಸೋಮಾಲಿಯಾದವರ ಹೋಟೆಲುಗಳನ್ನು. ಮೊಟ್ಟೆ ಕೂಡ ಮುಟ್ಟದ ಅಜ್ಜಿಗೆ ಅಲ್ಲೇನು ಕೆಲಸ ಎಂದು ನಿಮ್ಮಪ್ಪ ಕೇಳುತ್ತಾನೆ. ಅವನಿಗೂ ಇದನ್ನೇ ಓದಿ ಹೇಳಿರಿ. ಎದುರು ಕೂತು ಹೇಳಲು ನನಗೆ ನಾಚಿಕೆ. ಬರೆಯುವುದಾದರೆ ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತದ್ದು ಸಾಕಾಗುತ್ತದೆ.

ಲಾರೆನ್ಸ್‌ವಿಲ್, ಇಪ್ಪತ್ತೆರಡನೆಯ ದಿನ

ಈ ದಿನದ ಲೆಕ್ಕ ನಾನು ವಿಮಾನ ಇಳಿದಾಗಿನಿಂದ ಅಲ್ಲ, ಹೊದನ್ ಎಂಬ ಹುಡುಗಿ ಹಡೆದಾಗಿನಿಂದ. ನಿಮ್ಮ ಅತ್ತೆ ರಾಜಿಯ ಮನೆಯಲ್ಲಿ ಆಗ ಎಲ್ಲರೂ ಇದೇ ಲೆಕ್ಕದಲ್ಲಿ ಮಾತಾಡುತ್ತಿದ್ದರು.

ಬಂದ ಹೊಸತರಲ್ಲಿ ನನಗೆ ಆ ದೇಶದ ಯಾವುದರ ಮೇಲೂ ನಂಬಿಕೆ ಬರಲಿಲ್ಲ. ಹಾಲು ಹದಿನೈದು ದಿನ ಕೆಡದೆ ಹೇಗಿರುತ್ತದೆ? ಎದುರು ಮನೆಯಾಕೆ ನನ್ನನ್ನು ಕಂಡಾಗಲೆಲ್ಲ ಯಾಕೆ ನಗುತ್ತಾಳೆ? ರಸ್ತೆಯಲ್ಲಿ ನಡೆಯುವವರು ಒಬ್ಬರೂ ಇಲ್ಲ, ಹಾಗಿದ್ದರೆ ಪಕ್ಕದ ಕಾಲುದಾರಿ ಯಾರಿಗಾಗಿ ಕಟ್ಟಿದ್ದಾರೆ? ರಾಜಿ, "ಅವ್ವಾ, ನೀ ಪೊಲೀಸ್ ಡಿಪಾರ್ಟ್‌ಮೆಂಟಿನಾಗ ಇರಬೇಕಾಗಿತ್ತು" ಎಂದು ನಗುತ್ತಿದ್ದಳು.

ರಾಜಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ಹೊದನ್ ಅಲ್ಲೇ ನರ್ಸ್. ಸೋಮಾಲಿಯಾದವಳು, ರಾಜಿಗಿಂತ ಏಳೆಂಟು ವರ್ಷ ಚಿಕ್ಕವಳು, ಇದು ಮೊದಲ ಕೂಸು. ಅವರಲ್ಲೂ ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟುವುದಿಲ್ಲ. ನಲವತ್ತನೆಯ ದಿನ ಕೂಸನ್ನು ಎತ್ತಿಕೊಂಡು ಬೇಕಾದವರ ಮನೆಗೆ ಹೋಗಬೇಕು, ಅಲ್ಲಿ ಹೆಂಗಸರೆಲ್ಲ ಸೇರಿ ಉಣ್ಣಬೇಕು. ಹೊದನಳ ತಾಯಿ ನೈರೋಬಿಯಲ್ಲಿದ್ದಾಳೆ, ವೀಸಾ ಸಿಗಲಿಲ್ಲ. ಗಂಡ ಉದ್ದನೆಯ ಲಾರಿ ಓಡಿಸುತ್ತಾನೆ, ವಾರಗಟ್ಟಲೆ ಮನೆಗೆ ಬರುವುದಿಲ್ಲ. ಅದಕ್ಕೆ ರಾಜಿ, ನಮ್ಮ ಮನೆಗೇ ಬಾ ಎಂದು ಮಾತು ಕೊಟ್ಟುಬಿಟ್ಟಿದ್ದಳು.

"ಒಂದು ಚಲೋ ಸೋಮಾಲಿ ಹೋಟೆಲ್ ಹುಡುಕಿ ಊಟ ಆರ್ಡರ್ ಮಾಡಬೇಕವ್ವಾ. ಇಪ್ಪತ್ತೈದು ಮಂದಿ."

"ಮಾಂಸದ ಊಟ? ಈ ಮನಿಯಾಗ?"

"ಡಬ್ಬಿಯೊಳಗ ಬರತೈತಿ, ಡಬ್ಬಿಯೊಳಗ ಹೋಗತೈತಿ. ಪೇಪರ್ ಪ್ಲೇಟ್ ಇಡ್ತೀನಿ."

"ವಾಸನಿ ಡಬ್ಬಿಯೊಳಗ ಕುಂದರತೈತೇನು?"

ಎರಡು ದಿನ ಬಿಟ್ಟು ರಾಜಿ ನನ್ನನ್ನು ಹೊದನಳ ಮನೆಗೆ ಕರೆದುಕೊಂಡು ಹೋದಳು. ನಾನು ಊರಿನಿಂದ ತಂದಿದ್ದ ಅಂಟಿನ ಉಂಡೆ ಒಯ್ದಿದ್ದೆ. ಹುಡುಗಿಯ ಕಿವಿಯಲ್ಲಿ ದಾರಕ್ಕೆ ಪೋಣಿಸಿದ ಬೆಳ್ಳುಳ್ಳಿ ಇತ್ತು, ಬಾಣಂತಿಗೆ ದೃಷ್ಟಿ ತಾಗದಿರಲೆಂದು ಹಾಕುತ್ತಾರಂತೆ. ಮಣಿಕಟ್ಟು ನನ್ನ ಎರಡು ಬೆರಳಿಗೆ ಸಿಗುವಷ್ಟು ಸಣ್ಣ. ಉಂಡೆಯ ಒಂದು ಚೂರು ಬಾಯಿಗಿಟ್ಟು "ವೆರಿ ನೈಸ್, ಮಮ್ಮಾ" ಎಂದಳು, ಉಳಿದದ್ದನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದಳು. ಕೂಸು ಎದೆಗೆ ಬಾಯಿ ಹಾಕಿ, ಬಿಟ್ಟು, ಅಳುತ್ತಿತ್ತು.

ಮರಳುವಾಗ ಕಾರಿನಲ್ಲಿ ರಾಜಿ ಹೇಳಿದಳು, "ಯಾರು ಏನ್ ಕೊಟ್ರೂ ವೆರಿ ನೈಸ್ ಅಂತಾಳ, ಉಣ್ಣಂಗಿಲ್ಲ. ಹಾಲ್ ಕಡಿಮಿ ಆಗ್ಯಾವ. ಡಾಕ್ಟರ್ ಎಲ್ಲಾ ನಾರ್ಮಲ್ ಅಂತಾರ. ಆಕಿ ಅವ್ವನ ಕೈಯಾಗಿನಂಥಾ ಊಟ ಒಂದಿನಾ ಸಿಕ್ರ ಬಾಯಿ ಬಿಚ್ಚತೈತೇನೋ ಅಂತ ನಂಗ ಆಸಿ."

ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಗದಗಿನ ಖಾನಾವಳಿಯಲ್ಲಿ ಇಪ್ಪತ್ತೊಂದು ವರ್ಷ ರೊಟ್ಟಿ ಬಡಿದದ್ದು ನಿಮಗೆ ಗೊತ್ತು. ಹಿಂದಿನ ಬಾಗಿಲಿನಿಂದ ಹೋಗಿ ಹಿಂದಿನ ಬಾಗಿಲಿನಿಂದಲೇ ಬರುತ್ತಿದ್ದೆ. ಉಣ್ಣುವವರ ಮುಖ ಒಂದು ದಿನವೂ ನೋಡಿದವಳಲ್ಲ. ಮರಳಿ ಬಂದ ತಟ್ಟೆ ನೋಡಿದರೆ ಯಾರು ಹೊಟ್ಟೆ ತುಂಬಿ ಎದ್ದರು, ಯಾರು ದಾಕ್ಷಿಣ್ಯಕ್ಕೆ ಉಂಡರು ಎಂದು ತಿಳಿಯುತ್ತಿತ್ತು. ಹೊದನಳ ತಟ್ಟೆ ಹೊಟ್ಟೆ ತುಂಬಿದವಳ ತಟ್ಟೆಯಲ್ಲ.

ಕ್ಲಾರ್ಕ್‌ಸ್ಟನ್, ನೀಲಿ ಬೋರ್ಡು

ಊರು ದೇಶ ಬಿಟ್ಟು ಬಂದವರು ಬಹಳ ಮಂದಿ ಇರುವ ಜಾಗವಂತೆ ಕ್ಲಾರ್ಕ್‌ಸ್ಟನ್. ಸಂಜೆ ಕೆಲಸ ಮುಗಿಸಿ ಬಂದ ರಾಜಿ ನನ್ನನ್ನೂ ಮಗಳು ಅನ್ವಿಯನ್ನೂ ಕಾರು ಹತ್ತಿಸಿದಳು. ಒಂದೇ ಸಾಲಿನಲ್ಲಿ ಬಟ್ಟೆ ಒಗೆಯುವ ಅಂಗಡಿ, ಕೂದಲಿನ ಅಂಗಡಿ, ಅವುಗಳ ನಡುವೆ ನೀಲಿ ಬೋರ್ಡಿನ ಹೋಟೆಲು. ಒಳಗೆ ಬರೀ ಗಂಡಸರು. ಚಹಾ ಕುಡಿಯುತ್ತ, ಟಿವಿ ನೋಡುತ್ತ, ಜಗಳವೋ ಹರಟೆಯೋ ತಿಳಿಯದಷ್ಟು ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ನಾವು ಬಾಗಿಲು ದಾಟಿದ್ದೇ ತಡ ಎಲ್ಲರೂ ಸುಮ್ಮನಾದರು. ಒಬ್ಬ ಎದ್ದು ಪರದೆ ಸರಿಸಿ ಒಳಗೆ ಕೈ ತೋರಿಸಿದ.

"ಯಾಕ ಒಳಗ ಕಳಸ್ತಾನ?"

"ಫ್ಯಾಮಿಲಿ ಸೈಡ್ ಅವ್ವಾ. ಸುಮ್ನ ಬಾ."

"ಬಾಗಲಾ ಕಾಣಂಗ ಕುಂದ್ರು. ಅನ್ವಿ ಕೈ ಬಿಡಬ್ಯಾಡ."

ಕೂತ ಮೇಲೆ ನೆನಪಾಯಿತು, ನಮ್ಮ ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲೂ ಫ್ಯಾಮಿಲಿ ರೂಮು ಇರುತ್ತಿತ್ತು, ನಿಮ್ಮಜ್ಜನ ಜೊತೆ ಹೋದಾಗ ನಾನೇ ಅದನ್ನು ಕೇಳಿ ಒಳಗೆ ಹೋಗುತ್ತಿದ್ದೆ. ಆದರೂ ಸೆರಗು ತಲೆಯ ಮೇಲೆ ಎಳೆದುಕೊಂಡೆ. ಪರದೆಯ ಮಗ್ಗುಲಲ್ಲಿ ಕೈ ತೊಳೆಯುವ ತೊಟ್ಟಿ, ಗೋಡೆಗೆ ಸಾಬೂನು. ಎಲ್ಲರೂ ಕೈಯಲ್ಲೇ ಉಣ್ಣುವವರು. ಅದೊಂದು ಮನಸ್ಸಿಗೆ ಬಂತು.

ನಾವು ಇನ್ನೂ ಏನನ್ನೂ ಕೇಳಿರಲಿಲ್ಲ. ಆಗಲೇ ಮೂರು ಬಟ್ಟಲು ಸಾರು, ಮೂರು ಬಾಳೆಹಣ್ಣು ಬಂದವು.

"ಬ್ಯಾರೆಯವರದು ತಪ್ಪಿ ಕೊಟ್ಟಾನ. ವಾಪಸ್ ಕೊಟ್ಟುಬಿಡು."

"ಎಲ್ಲಾರಿಗೂ ಕೊಡ್ತಾರವ್ವಾ, ಫ್ರೀ. ಸಾರು ನಾವು ಮುಟ್ಟೂದು ಬ್ಯಾಡ, ಅದು ಆಡಿಂದು. ಬಾಳೆಹಣ್ಣು ಅನ್ನದ ಕೂಡ ತಿಂತಾರ."

"ಖಾರದ ಅನ್ನದ ಕೂಡ ಬಾಳೆಹಣ್ಣು?"

ಯಾರಾದರೂ ಪುಕ್ಕಟೆ ಕೊಟ್ಟರೆ ನನಗೆ ಮೊದಲು ಹೆದರಿಕೆ. ಬಾಳೆಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದೆ, ಎಲ್ಲಾದರೂ ಸೂಜಿ ಚುಚ್ಚಿದ ಗುರುತು ಇದೆಯೋ ಎಂದು. ಅನ್ವಿ ಒಂಬತ್ತು ವರ್ಷದವಳು, ಅಲ್ಲೇ ಹುಟ್ಟಿದವಳು. "ಅಜ್ಜಿ, ಬನಾನಾನ ಯಾರು ಹ್ಯಾಕ್ ಮಾಡ್ತಾರೆ?" ಎಂದು ಮೇಜಿನ ಕೆಳಗೆ ಬಗ್ಗಿ ನಕ್ಕಳು.

ರಾಜಿ ಅನ್ನ ಕೇಳಿದರೆ ಮುಗಿದಿದೆ ಎಂದರು. ಅಂಜೇರೊ ಕೇಳಿದಳು, ಅದು ಅವರ ದೋಸೆ, ಒಂದೇ ಬದಿ ಬೇಯಿಸಿದ್ದು, ಮೇಲೆಲ್ಲ ಕಣ್ಣು ಬಿದ್ದಿರುತ್ತದೆ. ಅದು ಬೆಳಗಿನದು, ಈಗ ಇಲ್ಲ ಎಂದರು. ಇದ್ದದ್ದು ಶ್ಯಾವಿಗೆಗಿಂತ ದಪ್ಪನೆಯ ಇಟಲಿ ಶ್ಯಾವಿಗೆ ಒಂದೇ. ಊಟದ ಹೊತ್ತಿಗೆ ಊಟವಿಲ್ಲದ ಹೋಟೆಲು ಎಂದರೆ ಏನು, ಇವರು ಬೇರೆ ಏನೋ ವ್ಯಾಪಾರ ಮಾಡುತ್ತಿರಬೇಕು ಎಂದುಕೊಂಡೆ. ಶ್ಯಾವಿಗೆಯನ್ನೇ ಕಟ್ಟಿಸಿಕೊಂಡು ಹೊದನಳಿಗೆ ಕೊಟ್ಟು ಬಂದೆವು. ಮರುದಿನ ರಾಜಿ ಹೋದಾಗ ಡಬ್ಬಿ ಹಾಗೇ ಫ್ರಿಜ್ಜಿನಲ್ಲಿತ್ತು.

ಗಾಜಿನ ಹೋಟೆಲು

ಮೂರು ದಿನ ಬಿಟ್ಟು ಇನ್ನೊಂದು. ಇದು ದೊಡ್ಡದು, ಗಾಜಿನ ಗೋಡೆ, ಬಣ್ಣದ ದೀಪ, ತಿಂಡಿಗಳ ಫೋಟೊ ಹಾಕಿದ ದಪ್ಪ ಪುಸ್ತಕ. ಪರದೆ ಇಲ್ಲ. ಬಡಿಸುವ ಹುಡುಗಿ ನಗುನಗುತ್ತ ಮಾತಾಡಿದಳು. ಇಲ್ಲಿ ಎಲ್ಲವೂ ಇತ್ತು, ರಾತ್ರಿಯ ಊಟಕ್ಕೂ ಅನ್ನ ಕೊಪ್ಪರಿಗೆ ತುಂಬ ಇತ್ತು. ರಾಜಿಯ ಮುಖ ಅರಳಿತು. "ಇದ ಫೈನಲ್ ಮಾಡೂಣು" ಎಂದಳು.

ಅಂಜೇರೊ ಬಂತು. ನಾನು ಒಂದನ್ನು ಬೆರಳಲ್ಲಿ ಒತ್ತಿದೆ. ರಬ್ಬರಿನ ಹಾಗೆ ಮೇಲೆದ್ದು ಬಂತು. ಮೂಸಿದೆ, ಹುಳಿಯ ಸುಳಿವಿಲ್ಲ. ಎತ್ತಿ ದೀಪಕ್ಕೆ ಹಿಡಿದೆ. ಹಿಟ್ಟು ತಾನಾಗಿ ಉಬ್ಬಿ ಬೆಂದರೆ ಕಣ್ಣು ತಳದ ತನಕ ಇಳಿದಿರುತ್ತದೆ, ಬೆಳಕು ಕಾಣುತ್ತದೆ. ಇದರಲ್ಲಿ ಕಣ್ಣುಗಳೆಲ್ಲ ಮೇಲುಮೇಲಿನವು, ಸೋಡಾದವು. ಬರೀ ಮೈದಾ, ಅದೂ ನಿನ್ನೆಯದು, ಮಷಿನ್ನಿನಲ್ಲಿ ಬಿಸಿ ಮಾಡಿದ್ದು.

ಇದನ್ನೆಲ್ಲ ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಆದರೆ ಅಂಜೇರೊ ಹಿಡಿದ ಕೈ ಮೇಲೇ ಇತ್ತು. ಟೈ ಕಟ್ಟಿದ ಒಬ್ಬ ಬಂದು ಏನಾದರೂ ತೊಂದರೆಯೇ ಎಂದು ಕೇಳಿದ. ರಾಜಿ ಬಾಯಿ ತೆರೆಯುವ ಮೊದಲೇ ಅನ್ವಿ, ನನ್ನ ಅಜ್ಜಿ ಚೆಕ್ ಮಾಡುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಕೈಯಲ್ಲಿದ್ದುದನ್ನು ಗಡಬಡಿಸಿ ಮಡಚಿ, ಏನು ಮಾಡಬೇಕೆಂದು ತಿಳಿಯದೆ ನನ್ನ ಚೀಲದೊಳಗೆ ಹಾಕಿಕೊಂಡೆ. ಅದನ್ನೂ ಅವನು ನೋಡಿದ.

ಕಾರಿಗೆ ಬಂದ ಮೇಲೆ ರಾಜಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದಳು, "ಈಗ ಹೇಳು. ಏನ್ ಕಂಡಿ ಅದರಾಗ?"

ಇಪ್ಪತ್ತೊಂದು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೇಳಿದೆ. ಹೇಳುತ್ತ ಹೇಳುತ್ತ ನೀಲಿ ಬೋರ್ಡಿನ ಹೋಟೆಲಿನ ವಿಚಾರವೂ ಹೊಳೆಯಿತು. "ನಮ್ಮ ಖಾನಾವಳಿಯಾಗ ಎರಡು ಗಂಟೆಕ್ಕ ಎಲ್ಲಾ ತೀರತಿತ್ತು. ಸಂಜಿಗೆ ಬಂದು ರೊಟ್ಟಿ ಕೇಳಿದವರನ್ನ ನೋಡಿ ನಾವು ಒಳಗ ನಗತಿದ್ವಿ. ಇವರೂ ಹಂಗ ಇದ್ದಾರು. ಸಂಜಿಗೆ ಕೊಪ್ಪರಿಗಿ ತುಂಬಿದ್ದಲ್ಲಿ ಅಲ್ಲ, ಮಧ್ಯಾಹ್ನ ಮಂದಿ ತುಂಬಿದ್ದಲ್ಲಿ ಹೋಗಬೇಕು."

"ಅವ್ವಾ, ಇದನ್ನ ಮೊದಲ ಹೇಳಬಾರದೇನ?"

"ನೀ ಕೇಳಲಿಲ್ಲ."

ಶುಕ್ರವಾರ, ಮಧ್ಯಾಹ್ನ ಒಂದೂವರೆ

ಹೊದನಳಿಗೆ ಮೂವತ್ಮೂರು ದಿನ. ರಾಜಿ ರಜೆ ಹಾಕಿದಳು. ಈ ಸಲ ಹೋದದ್ದು ಒಂದು ಹಳೆಯ ದೊಡ್ಡ ಕಟ್ಟಡಕ್ಕೆ. ಒಳಗೆ ಸಣ್ಣ ಸಣ್ಣ ಅಂಗಡಿಗಳು: ದರ್ಜಿ, ಮೆಹಂದಿ, ಅತ್ತರು, ಕಿರಾಣಿ. ಕಿರಾಣಿ ಅಂಗಡಿಯ ಹಿಂದೆ ಬೋರ್ಡಿಲ್ಲದ ಹೋಟೆಲು. ಬಾಗಿಲಿಗೆ ಬೀಗ. ಒಳಗೆ ದೀಪ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಮೇಜಿನ ಮೇಲೆ ಅರ್ಧ ಕುಡಿದ ಚಹಾ ಇದೆ, ಮನುಷ್ಯರಿಲ್ಲ.

"ಯಾರೋ ಹಿಡಿಯಾಕ ಬಂದಾರ. ಹಿಂದಿನ ಬಾಗಲದಿಂದ ಓಡಿ ಹೋಗ್ಯಾರ."

"ನಮಾಜಿಗೆ ಹೋಗ್ಯಾರವ್ವಾ. ಇವತ್ತು ಶುಕ್ರವಾರ."

ಅರ್ಧ ತಾಸಿಗೆ ಗಂಡಸರು ಹಿಂಡಾಗಿ ಬಂದರು, ಬೀಗ ತೆಗೆದರು, ಐದು ನಿಮಿಷದಲ್ಲಿ ಕೂರಲು ಜಾಗವಿಲ್ಲ. ನಾನು ರಾಜಿಯ ಮುಖ ನೋಡಿದೆ. ಇದು ಸರಿಯಾದ ಗುರುತು. ಆದರೆ ಒಳಗೆಲ್ಲ ಧೂಪದ ಹೊಗೆ. ಹಳಸಿದ ವಾಸನೆ ಮುಚ್ಚಲಿಕ್ಕೆ ಹೊಗೆ ಹಾಕಿದ್ದಾರೆ ಎಂದು ನನಗೆ ಮತ್ತೆ ಅನುಮಾನ. ಆ ಅನುಮಾನದಲ್ಲೇ ಬಚ್ಚಲು ಹುಡುಕುತ್ತ ಹೋಗಿ, ತಪ್ಪಿ ಅಡುಗೆಮನೆಯ ಬಾಗಿಲು ನೂಕಿದೆ.

ನನ್ನ ವಯಸ್ಸಿನ ಹೆಂಗಸೊಬ್ಬಳು ಎರಡು ಹಂಚಿನ ಮುಂದೆ ನಿಂತಿದ್ದಳು. ಎತ್ತರ, ದಪ್ಪ, ತಲೆಯಿಂದ ಮೊಣಕಾಲ ತನಕ ಕಿತ್ತಳೆ ಬಣ್ಣದ ಬಟ್ಟೆ. ಸಟ್ಟುಗದಿಂದ ಹಿಟ್ಟು ಹೊಯ್ದು ನಡುವಿನಿಂದ ಸುರುಳಿ ಸುರುಳಿಯಾಗಿ ಹೊರಗೆ ಎಳೆಯುತ್ತಿದ್ದಳು, ಕಣ್ಣು ಮೂಡಿದ್ದೇ ಮುಚ್ಚಳ ಹಾಕುತ್ತಿದ್ದಳು. ಹಬೆಯಲ್ಲಿ ನನಗೆ ಗೊತ್ತಿರುವ ವಾಸನೆ ಬಂತು. ಜೋಳದ ಹಿಟ್ಟಿನ ವಾಸನೆ, ಚೆನ್ನಾಗಿ ಹುಳಿ ಬಂದ ಜೋಳ. ಸಾವಿರಾರು ಮೈಲಿ ಬಂದು ಆ ವಾಸನೆ ಮೂಗಿಗೆ ಬಿದ್ದರೆ ಹೇಗಾಗುತ್ತದೆ ಎಂದು ನಿಮಗೆ ಹೇಗೆ ಹೇಳಲಿ? ಕಾಲು ಅಲ್ಲೇ ನಿಂತುಬಿಟ್ಟಿತು.

ಆಕೆ ತಿರುಗಿ ನನ್ನನ್ನು ಕಂಡಳು. ಮೊದಲು ಮಾಡಿದ ಕೆಲಸವೆಂದರೆ ಹಿಟ್ಟಿನ ಬಕೆಟ್ಟಿನ ಮೇಲೆ ಬಟ್ಟೆ ಎಳೆದದ್ದು. ನನಗೆ ಕೋಪವೂ ಬಂತು, ಸಮಾಧಾನವೂ ಆಯಿತು. ನಾನಾಗಿದ್ದರೂ ಹಾಗೇ ಮುಚ್ಚುತ್ತಿದ್ದೆ. ಗುರುತಿಲ್ಲದವರ ದೃಷ್ಟಿ ಹಿಟ್ಟಿಗೆ ಬೀಳಬಾರದು.

"ಹಿಂದೂಸ್ತಾನ್?" ಎಂದಳು.

"ಗದಗ" ಎಂದೆ.

ಆಕೆ ಹಿಂದಿಯಲ್ಲಿ ಪಟಪಟ ಮಾತಾಡಿದಳು, ಎದೆ ಮುಟ್ಟಿಕೊಂಡು, ಆಣೆ ಇಟ್ಟ ಹಾಗೆ. ಚಿಕ್ಕಂದಿನಲ್ಲಿ ನೋಡಿದ ಸಿನಿಮಾಗಳಿಂದ ಕಲಿತದ್ದಂತೆ, ಆಮೇಲೆ ಗೊತ್ತಾಯಿತು. ನನಗೆ ಒಂದಕ್ಷರ ತಿಳಿಯಲಿಲ್ಲ. ಹಿಂದೂಸ್ತಾನದವಳಾಗಿ ಹಿಂದಿ ಬಾರದೇ ಎಂದು ಆಕೆಗೆ ಇನ್ನಷ್ಟು ಅನುಮಾನ. ನನ್ನನ್ನು ಹುಡುಕಿಕೊಂಡು ರಾಜಿ ಬಂದಳು, ಬಂದದ್ದು ಒಳ್ಳೆಯದಾಯಿತು.

ಆಕೆಯ ಹೆಸರು ಅಬ್ಶಿರೊ. ರಾಜಿ ಇಂಗ್ಲಿಷಿನಲ್ಲಿ ನಲವತ್ತನೆಯ ದಿನದ ವಿಷಯ ಹೇಳಿ ಇಪ್ಪತ್ತೈದು ಜನರ ಊಟ ಬೇಕೆಂದಳು. ಅಬ್ಶಿರೊ ಹಂಚಿನ ಬೆಂಕಿ ಸಣ್ಣ ಮಾಡಿ ಕೇಳತೊಡಗಿದಳು. ಹುಡುಗಿ ಯಾವ ಊರಿನವಳು? ತಾಯಿ ಎಲ್ಲಿ? ನೀವು ಯಾರು? ಯಾಕೆ ನಿಮ್ಮ ಮನೆಗೆ ಬರುತ್ತಾಳೆ? ನನ್ನ ಹಣೆಯ ವಿಭೂತಿ ನೋಡಿ, ನೀವು ಮಾಂಸ ತಿನ್ನುವವರೇ? ಎಲ್ಲ ಕೇಳಿ ಆದ ಮೇಲೆ ತಲೆ ಅಲ್ಲಾಡಿಸಿದಳು. ರಾಜಿ ನನಗೆ ಹೇಳಿದಳು, "ಕೊಡಂಗಿಲ್ಲಂತ."

"ಯಾಕಂತ?"

"ಹೋಟೆಲ್ ಊಟ ದಾರಿಹೋಕ ಗಂಡಸರಿಗೆ, ಬಾಣಂತಿಗಲ್ಲಂತ. ನಲವತ್ತನೇ ದಿನದ ಊಟ ಮನಿಯಾಗ ಬೇಯಬೇಕಂತ, ಬಂದಾಕಿಗೆ ಒಲಿ ವಾಸನಿ ಬಡೀಬೇಕಂತ. ಆ ಹುಡುಗಿಗೆ ಯಾರೂ ಇಲ್ಲೇನು ಅಂತ ನನಗ ಬೈಯಾಕತ್ತಾಳ."

ನಾನು ನಾಚಿ ನೆಲ ನೋಡಿದೆ. ಖಾನಾವಳಿಯ ಮಾಲಕಿಗೆ ಯಾರಾದರೂ ಬಾಣಂತಿಗೆ ಊಟ ಕಟ್ಟಿಕೊಡಿ ಎಂದು ಬಂದಿದ್ದರೆ ಆಕೆಯೂ ಇದೇ ಮಾತು ಆಡುತ್ತಿದ್ದಳು. ಹತ್ತು ದಿನ ನಾವು ಕೇಳಬಾರದ್ದನ್ನು ಕೇಳುತ್ತ ಊರೆಲ್ಲ ತಿರುಗಿದ್ದೆವು.

ಅಬ್ಶಿರೊ ಮತ್ತೆ ಏನೋ ಹೇಳಿದಳು. ರಾಜಿ ಈ ಸಲ ನನ್ನ ಕಡೆ ನೋಡದೆ ಹೇಳಿದಳು, "ನಿಮ್ಮ ಅಡಗಿಮನಿ ಕೊಡ್ರಿ, ನಾನ ಬಂದು ಮಾಡ್ತೀನಿ ಅಂತಾಳ."

ಕಾರಿನೊಳಗೆ

"ಬ್ಯಾಡ" ಎಂದೆ. "ಹೋಟೆಲ್ ಬಂದ್ ಮಾಡಿ ಗುರುತಿಲ್ಲದವರ ಮನಿಗೆ ಯಾರರ ಬರ್ತಾರೇನು? ಆಕಿಗೇನು ಲಾಭ? ಏನೋ ಐತಿ ಇದರಾಗ."

"ಏನೂ ಇಲ್ಲವ್ವಾ."

"ಡಬ್ಬಿ ಅಂದಿ, ಒಪ್ಪಿದೆ. ಈಗ ಅಡಗಿಮನ್ಯಾಗ ಆಡು ಕುದಿಸ್ತಾರ ಅಂತಿ. ನಾಳೆ ಅದ ಒಲಿಮ್ಯಾಲೆ ನಾ ದೇವರಿಗೆ ಎಡಿ ಮಾಡ್ಲೇನು?"

ರಾಜಿ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಳು. ಹಸಿರು ಬಂದರೂ ಹೊರಡಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು. ಸ್ವಲ್ಪ ಮುಂದೆ ಹೋಗಿ ಒಂದು ಪೆಟ್ರೋಲ್ ಬಂಕಿನ ಬದಿಗೆ ಹಾಕಿದಳು.

"ಕೊರೊನಾ ವರ್ಷ ನನಗ ಜಡ್ಡಾತಲ್ಲ, ನಿನಗ ನಾ ಸ್ವಲ್ಪ ನೆಗಡಿ ಅಂತ ಹೇಳಿದ್ದೆ. ನೆಗಡಿ ಆಗಿರಲಿಲ್ಲ. ಅನ್ವಿ ಅಪ್ಪ ಇಂಡಿಯಾದಾಗ ಸಿಕ್ಕೊಂಡಿದ್ರು. ಅನ್ವಿ ಸಣ್ಣಾಕಿ. ನಮ್ಮವರು ಎಲ್ಲಾರೂ ಫೋನ್ ಮಾಡ್ತಿದ್ರು, ಬಾಗಲಕ್ಕ ಒಬ್ಬರೂ ಬರಲಿಲ್ಲ, ಅವರದೂ ತಪ್ಪಲ್ಲ. ಹೊದನ್ ಹತ್ತೊಂಬತ್ತು ದಿನ ಬಾಗಲದಾಗ ಊಟ ಇಟ್ಟು ಹೋಗ್ಯಾಳ. ಕೆಂಪು ಕಾಳು ಬೇಯಿಸಿ, ತುಪ್ಪಾ ಸಕ್ಕರಿ ಹಾಕಿ."

"ಗುಗ್ಗರಿ?"

"ಹೂಂ, ನಮ್ಮ ಗುಗ್ಗರಿ ಇದ್ದಂಗ. ಅದಕ್ಕಂತ ಹೊಸಾ ಪಾತೇಲಿ ತಂದಿದ್ಲು, ಮಾಂಸ ಮಾಡಿದ್ದು ಬ್ಯಾಡ, ರಾಜಿ ತಿನ್ನಂಗಿಲ್ಲ ಅಂತ. ನಾ ಕೇಳಿರಲಿಲ್ಲವ್ವಾ. ಆಕಿನ ತಂದ್ಲು."

ಇಷ್ಟು ದಿನ ನನಗೆ ಇದನ್ನು ಹೇಳಿರಲಿಲ್ಲ. ನನಗೆ ಹೇಳಿದ್ದರೆ ನಾನು ಊರಿನಲ್ಲಿ ಅನ್ನ ಬಿಡುತ್ತಿದ್ದೆ ಎಂದು ಹೆದರಿದ್ದಳಂತೆ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ, ಅನ್ವಿ ಶಾಲೆಯಲ್ಲಿದ್ದಳು.

"ಆಡು ಗ್ಯಾರೇಜಿನಾಗ ಬೇಯಲಿ, ಬ್ಯಾರೆ ಒಲಿ ಇಡು. ಅಂಜೇರೊ ಬೇಕಾದ್ರ ಅಡಗಿಮನಿಯೊಳಗ ಮಾಡ್ಲಿ" ಎಂದೆ. "ದೇವರ ಜಗಲಿಗೆ ಪರದೆ ಹಾಕು. ಮತ್ತ ಆಕಿ ಎಲ್ಲೆ ಕೈ ಹಾಕ್ತಾಳೋ ನಾ ನಿಂತು ನೋಡಾಕಿನ."

ಮೂವತ್ತಾರನೆಯ ದಿನ, ತಪಾಸಣೆ

ನಾನು ಆಕೆಯನ್ನು ನೋಡಬೇಕೆಂದಿದ್ದೆ. ಅಬ್ಶಿರೊ ನಮ್ಮನ್ನು ನೋಡಲು ಬಂದಳು. ಚಪ್ಪಲಿ ಬಾಗಿಲಲ್ಲೇ ಬಿಟ್ಟಳು, ಅದು ಸರಿ. ಒಳಗೆ ಬಂದವಳೇ ಕಪಾಟು ಒಂದೊಂದಾಗಿ ತೆಗೆದಳು. ಪಾತ್ರೆ ಎತ್ತಿ ತಳ ನೋಡಿದಳು, ಮೂಸಿದಳು. ತುಪ್ಪದ ಡಬ್ಬಿಯ ಮುಚ್ಚಳ ತೆಗೆದು ಇದು ಯಾವುದರ ಕೊಬ್ಬು ಎಂದು ಕೇಳಿದಳು. ಎಣ್ಣೆಯ ಬಾಟಲಿ ಬೆಳಕಿಗೆ ಹಿಡಿದಳು. ನಾನು ಗೋಡೆಗೆ ಒರಗಿ ನಿಂತು ಆಕೆಯ ಕೈಯನ್ನೇ ಕಾಯುತ್ತಿದ್ದೆ.

ಕೊನೆಗೆ ಆಕೆ ರಾಜಿಯನ್ನು ಏನೋ ಮೆಲ್ಲಗೆ ಕೇಳಿದಳು. ರಾಜಿ ನಗು ತಡೆದುಕೊಳ್ಳುತ್ತಿರುವುದು ಕಂಡಿತು.

"ಏನಂತ?"

"ಈ ಪಾತ್ರಿಯೊಳಗ ಯಾವಾಗರ ಹಂದಿ ಮಾಡೀರೇನು, ಸೆರೆ ಹಾಕೀರೇನು ಅಂತ ಕೇಳಾಕತ್ತಾಳ."

"ಹಂದಿ? ನಮ್ಮ ಮನ್ಯಾಗ? ಸೆರೆ?" ನನ್ನ ದನಿ ಎಂದೂ ಅಷ್ಟು ಮೇಲೆ ಹೋಗಿರಲಿಲ್ಲ. "ಹೇಳು ಆಕಿಗೆ, ಈ ಮನ್ಯಾಗ ಉಳ್ಳಾಗಡ್ಡಿ ಹೆಚ್ಚಿದ್ರ ಸೋಮವಾರ ಬಿಟ್ಟು ಹೆಚ್ತೀವಿ ಅಂತ ಹೇಳು!"

ರಾಜಿ ಏನು ಹೇಳಿದಳೋ. ಅಬ್ಶಿರೊ ನನ್ನ ಮುಖ ನೋಡಿದಳು, ಕೆಂಪಾಗಿರಬೇಕು. ಬಾಯಿ ಮೇಲೆ ಕೈಯಿಟ್ಟು ನಕ್ಕಳು, ಹೊಟ್ಟೆ ಕುಣಿಯುವ ಹಾಗೆ. ನನ್ನ ಮಡಿ ನನಗೆ ಹೇಗೋ ಆಕೆಯ ಮಡಿ ಆಕೆಗೆ ಹಾಗೆ. ನಾನು ಆಕೆಯಿಂದ ಅಡುಗೆಮನೆ ಕೆಡುತ್ತದೆಂದು ಹೆದರಿದ್ದೆ, ಆಕೆ ನಮ್ಮಿಂದ ತನ್ನ ಅಡುಗೆ ಕೆಡುತ್ತದೆಂದು ಹೆದರಿದ್ದಳು. ಆದರೂ ನಂಬಲಿಲ್ಲ ಎಂದು ಕಾಣುತ್ತದೆ, ಪಾತ್ರೆ ತಾನೇ ತರುತ್ತೇನೆ ಎಂದು ಹೇಳಿ ಹೋದಳು. ನಾನೂ ಆಕೆ ಮುಟ್ಟಿದ ತುಪ್ಪದ ಡಬ್ಬಿಯನ್ನು ಒರೆಸಿಟ್ಟೆ.

ನಲವತ್ತನೆಯ ದಿನ

ಹಿಂದಿನ ದಿನ ಮಧ್ಯಾಹ್ನವೇ ಅಬ್ಶಿರೊ ಹಿಟ್ಟಿನ ಬಕೆಟ್ಟು ತಂದಿಟ್ಟಿದ್ದಳು. ತಣ್ಣನೆ ಗಾಳಿಯ ಮಷಿನ್ನು ತಿರುಗುವ ಮನೆಯಲ್ಲಿ ಹಿಟ್ಟು ಮೇಲೇಳಲಿಲ್ಲ. ಬೆಳಿಗ್ಗೆ ಹಿಟ್ಟು ನೋಡಿ ಅಬ್ಶಿರೊ ಹಣೆ ಹಣೆ ಬಡಿದುಕೊಂಡಳು. ನಾನು ಮಾತಾಡದೆ ಬಕೆಟ್ಟು ಎತ್ತಿಕೊಂಡು ಹೋಗಿ, ಬಿಸಿಲಿಗೆ ನಿಂತಿದ್ದ ರಾಜಿಯ ಕಾರಿನೊಳಗೆ ಇಟ್ಟು ಗಾಜು ಮುಚ್ಚಿದೆ. ಅಬ್ಶಿರೊ ಓಡಿ ಬಂದು ಕಾರಿನ ಪಕ್ಕದಲ್ಲೇ ಕಾವಲು ನಿಂತಳು, ನಾನು ಎಲ್ಲಿ ಓಡಿಸಿಕೊಂಡು ಹೋಗುತ್ತೇನೋ ಎಂಬಂತೆ. ಎರಡು ತಾಸಿಗೆ ಹಿಟ್ಟು ಬಟ್ಟೆಯನ್ನು ಮೇಲೆತ್ತಿತ್ತು. ಆಕೆ ಅದರ ಗುಳ್ಳೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಸಟ್ಟುಗ ನನ್ನ ಕೈಗೆ ಕೊಟ್ಟಳು. ನನ್ನ ಮೊದಲಿನ ಎರಡು ಅಂಜೇರೊಗಳನ್ನು ತೆಗೆದು ಬದಿಗಿಟ್ಟಳು. ಮೂರನೆಯದನ್ನು ರಾಶಿಯ ಮೇಲೆ ಹಾಕಿದಳು. ಗ್ಯಾರೇಜಿನಿಂದ ಸಾರಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಲೇ ಇತ್ತು. ಸೆರಗು ಮೂಗಿಗೆ ಹಿಡಿದು ಹೊಯ್ದೆ.

ಹೆಂಗಸರು ಬಂದರು. ಸೋಫಾ ಸರಿಸಿ ನೆಲಕ್ಕೆ ಹಾಸಿದರು, ಧೂಪ ಹಾಕಿದರು. ಹೊದನ್ ಹೊಸ ಬಟ್ಟೆ ಉಟ್ಟು, ಕೈಗೆ ಮೆಹಂದಿ ಹಾಕಿಕೊಂಡು, ಹೊಸ್ತಿಲು ದಾಟಿ ಬಂದಳು. ನಲವತ್ತು ದಿನ ಒಳಗಿದ್ದವಳ ಕಣ್ಣು ಬೆಳಕಿಗೆ ಕಿರಿದಾಗಿತ್ತು. ಕೂಸನ್ನು ಯಾರ ಕೈಗೆ ಕೊಡಲಿ ಎಂದು ನೋಡಿ ಹತ್ತಿರ ಇದ್ದ ನನಗೇ ಕೊಟ್ಟಳು. ಹಾಡಿದರು, ನಾಲಿಗೆ ಹೊರಳಿಸಿ ಕೂಗಿದರು. ಆಮೇಲೆ ಆಕೆಯ ಮುಂದೆ ಸಾರಿನ ಬಟ್ಟಲು ಇಟ್ಟರು.

ಎಲ್ಲರೂ ಮಾತಾಡುತ್ತಿರುವ ಹಾಗೆ ಮಾಡಿ ಅವಳನ್ನೇ ನೋಡುತ್ತಿದ್ದರು. ಅಬ್ಶಿರೊ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸುತ್ತ ನಿಂತಿದ್ದಳು, ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಿದ್ದಳು. ಹೊದನ್ ಒಂದು ಗುಟುಕು ಕುಡಿದಳು. ಬಟ್ಟಲು ಕೆಳಗಿಟ್ಟಳು. ತಮ್ಮ ಭಾಷೆಯಲ್ಲಿ ಏನೋ ಚಿಕ್ಕದಾಗಿ ಅಂದಳು.

ಹೆಂಗಸರೆಲ್ಲ ಅಬ್ಶಿರೊಳ ಕಡೆ ತಿರುಗಿದರು.

ಸಾರು ಕೆಟ್ಟಿದೆ, ಗ್ಯಾರೇಜಿನ ಧಗೆಗೆ ಕೆಟ್ಟಿದೆ, ಅಲ್ಲಿಗೆ ಕಳಿಸಿದವಳು ನಾನೇ ಎಂದುಕೊಂಡೆ. ಕೂಸನ್ನು ಎದೆಗೆ ಒತ್ತಿ ಹಿಡಿದೆ. ರಾಜಿ ಪಕ್ಕದವಳನ್ನು ಕೇಳಿ ನನ್ನ ಕಿವಿಯ ಹತ್ತಿರ ಬಂದಳು.

"ಉಪ್ಪು ಕಡಿಮಿ ಐತಂತ. ಹುಳಿನೂ ಇಲ್ಲಂತ. ನಮ್ಮವ್ವ ಹಿಂಗ ಮಾಡಂಗಿಲ್ಲ ಅಂದ್ಲು."

ಅಬ್ಶಿರೊ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. ಬೈದದ್ದು ನನಗೆ ಭಾಷೆ ಬಾರದಿದ್ದರೂ ತಿಳಿಯಿತು. ನಲವತ್ತು ದಿನ ಕೂತು ಉಂಡವಳಿಗೆ ಎಷ್ಟು ಸೊಕ್ಕು ಎಂಬಂಥ ಬೈಗುಳ. ಹೊದನ್ ತಿರುಗಿ ಎರಡು ಮಾತು ಹೇಳಿ ಬಟ್ಟಲನ್ನು ಮುಂದೆ ಚಾಚಿದಳು. ಅಬ್ಶಿರೊ ಗೊಣಗುತ್ತ ಅದಕ್ಕೆ ಇಡೀ ನಿಂಬೆಹಣ್ಣು ಹಿಂಡಿದಳು, ಉಪ್ಪು ಹಾಕಿದಳು. ಎಲ್ಲದಕ್ಕೂ ವೆರಿ ನೈಸ್ ಎನ್ನುತ್ತಿದ್ದವಳು ಬಾಯಿ ಬಿಟ್ಟು ಕೇಳಿದ್ದಕ್ಕೆ ಹೆಂಗಸರೆಲ್ಲ ಒಮ್ಮೆಲೇ ನಕ್ಕರು.

ಹೊದನ್ ಅಂಜೇರೊ ಹರಿದು ಸಾರಿನಲ್ಲಿ ಅದ್ದಿದಳು. ಒಂದು ಮುಗಿಯಿತು. ಇನ್ನೊಂದು ಎಳೆದುಕೊಂಡಳು. ಬಾಣಂತಿಯ ತುತ್ತು ಎಣಿಸಬಾರದು ಎಂದು ನಾನು ಮುಖ ತಿರುಗಿಸಿದೆ. ಆಗ ರಾಜಿ ಅಲ್ಲಿ ಇಲ್ಲದ್ದು ಕಂಡಿತು.

ಅಡುಗೆಮನೆಗೆ ಹೋದೆ. ಸಿಂಕಿನ ಮುಂದೆ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು, ತೊಳೆಯಲು ಕೈಯಲ್ಲಿ ಒಂದು ಪಾತ್ರೆಯೂ ಇರಲಿಲ್ಲ. ಭುಜ ಅಲುಗುತ್ತಿತ್ತು. ಕೂಸನ್ನು ಎಡಗೈಗೆ ಹಾಕಿಕೊಂಡು ನಾನು ನಲ್ಲಿ ಬಂದ್ ಮಾಡಿದೆ.

"ಮೂರನೇ ಅಂಜೇರೊಕ್ಕ ಕೈ ಹಾಕ್ಯಾಳ" ಎಂದೆ. "ಹಂಚು ಆರೈತಿ. ಒಲಿ ಹಚ್ಚು."